ಕಾಲೇಜು ಸೇರುವ ಮೊದಲೇ ಕಾಲೇಜಿನ ಕ್ರೆಡಿಟ್

ಪದವಿಗೆ ಸೇರುವ ಮೊದಲೇ ಪದವಿಯ ಒಂದು ಭಾಗವನ್ನು ಓದಿ ಮುಗಿಸಿ, ಮುಂದೆ ಅಷ್ಟರ ಮಟ್ಟಿಗೆ ವಿನಾಯಿತಿ ಪಡೆಯುವ ದಾರಿ ಹಾವೇರಿ ಜಿಲ್ಲೆಯ ಮಕ್ಕಳಿಗೆ ಗಟ್ಟಿಯಾಗಿ ಇರುವುದು ಒಂದೇ. ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷದ ಡಿಪ್ಲೊಮಾ ಓದಿದವರು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಲ್ಯಾಟರಲ್ ಎಂಟ್ರಿಯೇ ಆ ದಾರಿ. ಇದರ ಜೊತೆಗೆ ಹೊಸ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು, ಶಾಲೆಯಲ್ಲೇ ಕಲಿಸುವ ವೃತ್ತಿ ವಿಷಯಗಳು, ಅಂತರ್ಜಾಲದ ಕೋರ್ಸುಗಳು ಎಂದು ಹಲವು ಮಾತುಗಳು ಈಚಿನ ವರ್ಷಗಳಲ್ಲಿ ಪಾಲಕರ ಕಿವಿಗೆ ಬೀಳುತ್ತಿವೆ. ಇವುಗಳಲ್ಲಿ ಕೆಲವು ಅರ್ಧ ಜಾರಿಯಲ್ಲಿವೆ, ಕೆಲವು ಇನ್ನೂ ಸುತ್ತೋಲೆಯ ಹಂತದಲ್ಲಿವೆ. ಯಾವುದು ಯಾವ ಸ್ಥಿತಿಯಲ್ಲಿದೆ ಎಂಬುದು ತಿಳಿಯದೆ ಹತ್ತನೇ ತರಗತಿಯ ನಂತರದ ನಿರ್ಧಾರ ತೆಗೆದುಕೊಂಡರೆ ಒಂದು ವರ್ಷ ಸುಮ್ಮನೆ ಹೋಗುವ ಸಂಭವವಿದೆ.

ಕ್ರೆಡಿಟ್ ಎಂದರೆ ಓದಿನ ಅಳತೆ. ಸೆಮಿಸ್ಟರ್ ಪದ್ಧತಿಯಲ್ಲಿ ವಾರಕ್ಕೆ ಒಂದು ಗಂಟೆಯ ಪಾಠ, ಅಥವಾ ಎರಡು ಗಂಟೆಯ ಪ್ರಾಯೋಗಿಕ ತರಗತಿ, ಇಡೀ ಸೆಮಿಸ್ಟರ್ ನಡೆದರೆ ಅದಕ್ಕೆ ಸ್ಥೂಲವಾಗಿ ಒಂದು ಕ್ರೆಡಿಟ್. ಅಂಕಗಳು ವಿದ್ಯಾರ್ಥಿ ಎಷ್ಟು ಚೆನ್ನಾಗಿ ಕಲಿತ ಎಂಬುದನ್ನು ಹೇಳುತ್ತವೆ, ಕ್ರೆಡಿಟ್ ಎಷ್ಟು ಓದು ಮುಗಿಯಿತು ಎಂಬುದನ್ನು ಹೇಳುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಈಗಿನ ಯೋಜನೆಯಲ್ಲಿ ಬಿ.ಇ. ಪದವಿಗೆ 160 ಕ್ರೆಡಿಟ್ ಬೇಕು, ಅಂದರೆ ವರ್ಷಕ್ಕೆ 40ರ ಲೆಕ್ಕ. ಇವುಗಳಲ್ಲಿ ಒಂದಿಷ್ಟನ್ನು ಬೇರೆಡೆ ಗಳಿಸಿದ್ದಾನೆ ಎಂದು ಕಾಲೇಜು ಒಪ್ಪಿದರೆ ಆ ವಿದ್ಯಾರ್ಥಿಗೆ ಅಷ್ಟು ಓದು ಉಳಿಯುತ್ತದೆ. ಒಪ್ಪುವ ಅಧಿಕಾರ ಯಾವಾಗಲೂ ಸೇರಿಸಿಕೊಳ್ಳುವ ಸಂಸ್ಥೆಯದು, ಕಲಿಸಿದ ಸಂಸ್ಥೆಯದಲ್ಲ. ಈ ವಿಷಯದಲ್ಲಿ ಆಗುವ ಗೊಂದಲಗಳ ಪೈಕಿ ಬಹುಪಾಲು ಹುಟ್ಟುವುದು ಇದನ್ನು ಮರೆಯುವುದರಿಂದ.

ಅಮೆರಿಕದಲ್ಲಿ ಈ ಪದ್ಧತಿ ಹಳೆಯದು. ಅಲ್ಲಿನ ಕಾಲೇಜ್ ಬೋರ್ಡ್ 1955ರಿಂದ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬ ಪರೀಕ್ಷೆಗಳನ್ನು ನಡೆಸುತ್ತ ಬಂದಿದೆ. ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿರುವವರು ಕಾಲೇಜು ಮಟ್ಟದ ಪಠ್ಯವನ್ನು ತಮ್ಮ ಶಾಲೆಯಲ್ಲೇ ಓದಿ ಮೇ ತಿಂಗಳಲ್ಲಿ ಪರೀಕ್ಷೆ ಬರೆಯುತ್ತಾರೆ. ಒಂದರಿಂದ ಐದರವರೆಗೆ ಶ್ರೇಣಿ ಸಿಗುತ್ತದೆ. ಕೆಲವು ವಿಶ್ವವಿದ್ಯಾಲಯಗಳು ಮೂರಕ್ಕೇ ಕ್ರೆಡಿಟ್ ಕೊಡುತ್ತವೆ, ಕೆಲವು ನಾಲ್ಕು ಅಥವಾ ಐದು ಕೇಳುತ್ತವೆ, ಇನ್ನು ಕೆಲವು ಕೊಡುವುದೇ ಇಲ್ಲ. ಡ್ಯುಯಲ್ ಎನ್‌ರೋಲ್‌ಮೆಂಟ್ ಎಂಬ ಇನ್ನೊಂದು ಪದ್ಧತಿಯಲ್ಲಿ ಹೈಸ್ಕೂಲ್ ವಿದ್ಯಾರ್ಥಿ ಹತ್ತಿರದ ಕಮ್ಯುನಿಟಿ ಕಾಲೇಜಿನ ತರಗತಿಗೇ ಸೇರುತ್ತಾನೆ. ಒಂದೇ ಓದು ಶಾಲೆಯ ಲೆಕ್ಕಕ್ಕೂ ಕಾಲೇಜಿನ ಲೆಕ್ಕಕ್ಕೂ ಜಮೆಯಾಗುತ್ತದೆ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೂ ಇವೆರಡೂ ಮಾಮೂಲು. ಅಲ್ಲಿನವರಿಗೆ ಇದರ ಮುಖ್ಯ ಆಕರ್ಷಣೆ ಹಣ. ಕಾಲೇಜಿನ ಶುಲ್ಕವನ್ನು ಹಲವೆಡೆ ಕ್ರೆಡಿಟ್ಟಿಗೆ ಇಷ್ಟು ಎಂದೇ ಕಟ್ಟಬೇಕಾದ್ದರಿಂದ ಮೊದಲೇ ಗಳಿಸಿದ ಒಂದೊಂದು ಕ್ರೆಡಿಟ್ಟೂ ನೇರ ಉಳಿತಾಯ. ಹಾವೇರಿಯಲ್ಲಾಗಲಿ ರಾಣೆಬೆನ್ನೂರಿನಲ್ಲಾಗಲಿ ಶುಲ್ಕ ವರ್ಷದ ಲೆಕ್ಕದಲ್ಲಿ ಇರುತ್ತದೆ. ಬಿಡಿ ಬಿಡಿಯಾಗಿ ನಾಲ್ಕೈದು ಕ್ರೆಡಿಟ್ ಉಳಿದರೆ ಇಲ್ಲಿ ರೂಪಾಯಿ ಉಳಿಯುವುದಿಲ್ಲ. ಪೂರ್ತಿ ಒಂದು ವರ್ಷ ಉಳಿದರೆ ಮಾತ್ರ ಮನೆಯವರಿಗೆ ಅದರ ಅನುಕೂಲ ಕಾಣುತ್ತದೆ.

ವಿಶ್ವವಿದ್ಯಾಲಯದಿಂದ ಕಳಚಿಕೊಂಡ ಎರಡು ವರ್ಷ

ಹದಿನಾರು ಹದಿನೇಳು ವರ್ಷದವರು ವಿಶ್ವವಿದ್ಯಾಲಯದ ಲೆಕ್ಕಕ್ಕೆ ಸೇರುವ ಓದು ಓದುವುದು ಈ ಭಾಗಕ್ಕೆ ಹೊಸದೇನಲ್ಲ. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಅದಕ್ಕೂ ಮೊದಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು, ಸ್ವಾತಂತ್ರ್ಯಪೂರ್ವದಲ್ಲಿ ಮುಂಬೈ ಪ್ರಾಂತದಲ್ಲಿದ್ದವು. ಮೆಟ್ರಿಕ್ ಪಾಸಾದ ಹುಡುಗ ರೈಲು ಹತ್ತಿ ಧಾರವಾಡಕ್ಕೆ ಹೋಗಿ, 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿಗೆ ಸೇರಿದರೆ, ಮೊದಲ ಎರಡು ವರ್ಷ ಇಂಟರ್‌ಮೀಡಿಯೆಟ್, ಮುಂದಿನ ಎರಡು ವರ್ಷ ಬಿ.ಎ. ಅಥವಾ ಬಿ.ಎಸ್‌ಸಿ. ಇಂಟರ್ ತರಗತಿ ವಿಶ್ವವಿದ್ಯಾಲಯದ್ದೇ ಆಗಿತ್ತು. ಪಠ್ಯ, ಪರೀಕ್ಷೆ, ಅಧ್ಯಾಪಕರು ಎಲ್ಲವೂ ಅಲ್ಲಿನವೇ. ಇಂದು ಪಿಯುಸಿಯಲ್ಲಿ ಕೂರುವ ವಯಸ್ಸಿನವರು ಅಂದು ವಿಶ್ವವಿದ್ಯಾಲಯದ ತರಗತಿಯಲ್ಲೇ ಕೂರುತ್ತಿದ್ದರು.

ಈ ಏರ್ಪಾಡನ್ನು ಬದಲಾಯಿಸಿದ್ದು ಎರಡು ಆಯೋಗಗಳು. 1952-53ರ ಮುದಲಿಯಾರ್ ಆಯೋಗ ಇಂಟರ್‌ಮೀಡಿಯೆಟ್ ತರಗತಿಯನ್ನು ಒಡೆದು, ಒಂದು ವರ್ಷವನ್ನು ಹೈಸ್ಕೂಲಿಗೂ ಇನ್ನೊಂದನ್ನು ಪದವಿಗೂ ಸೇರಿಸಬೇಕೆಂದಿತು. ಒಂದು ವರ್ಷದ ಪ್ರಿ-ಯೂನಿವರ್ಸಿಟಿ ತರಗತಿ ಹುಟ್ಟಿದ್ದು ಆ ಬದಲಾವಣೆಯ ಕಾಲದಲ್ಲಿ. 1964-66ರ ಕೊಠಾರಿ ಆಯೋಗದ ವರದಿಯ ನಂತರ 10+2+3 ಎಂಬ ಮಾದರಿ ಬಂತು. ಕರ್ನಾಟಕದಲ್ಲಿ 1970ರ ದಶಕದಲ್ಲಿ ಪಿಯುಸಿ ಎರಡು ವರ್ಷದ್ದಾಗಿ, ವಿಶ್ವವಿದ್ಯಾಲಯಗಳ ಕೈಯಿಂದ ಜಾರಿ ರಾಜ್ಯದ ಪದವಿಪೂರ್ವ ಶಿಕ್ಷಣ ಇಲಾಖೆಯ ಕೈಗೆ ಬಂತು. ಈಗ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಎರಡರ ಪರೀಕ್ಷೆಯನ್ನೂ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯೇ ನಡೆಸುತ್ತದೆ.

ಕಟ್ಟಡಗಳು ಮಾತ್ರ ಹಳೆಯ ನಂಟನ್ನು ಬಿಟ್ಟಿಲ್ಲ. ಜಿಲ್ಲೆಯ ಅನುದಾನಿತ ಶಿಕ್ಷಣ ಸಂಸ್ಥೆಗಳಲ್ಲಿ ಒಂದೇ ಆಡಳಿತ ಮಂಡಳಿಯ ಕೆಳಗೆ, ಎಷ್ಟೋ ಕಡೆ ಒಂದೇ ಆವರಣದಲ್ಲಿ ಪಿಯು ಮತ್ತು ಪದವಿ ತರಗತಿಗಳು ನಡೆಯುತ್ತವೆ. ಗ್ರಂಥಾಲಯ, ಮೈದಾನ ಎರಡಕ್ಕೂ ಒಂದೇ. ಸರಕಾರಿ ಪದವಿಪೂರ್ವ ಕಾಲೇಜುಗಳಲ್ಲಂತೂ ಪ್ರೌಢಶಾಲಾ ವಿಭಾಗವೂ ಸೇರಿಕೊಂಡಿರುವುದುಂಟು. ಡ್ಯುಯಲ್ ಎನ್‌ರೋಲ್‌ಮೆಂಟ್‌ಗೆ ಇದಕ್ಕಿಂತ ಹೇಳಿಮಾಡಿಸಿದ ಜಾಗ ಅಮೆರಿಕದಲ್ಲೂ ಸಿಗಲಿಕ್ಕಿಲ್ಲ. ದ್ವಿತೀಯ ಪಿಯು ವಿದ್ಯಾರ್ಥಿನಿ ಮಧ್ಯಾಹ್ನ ಪಕ್ಕದ ಕೊಠಡಿಗೆ ಹೋಗಿ ಬಿ.ಕಾಂ. ಮೊದಲ ಸೆಮಿಸ್ಟರಿನ ಒಂದು ವಿಷಯ ಕೇಳಲು ಗೋಡೆಯ ಅಡ್ಡಿಯಿಲ್ಲ, ನಿಯಮದ ಅಡ್ಡಿಯಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮಾವಳಿಯ ಪ್ರಕಾರ ಹನ್ನೆರಡು ವರ್ಷದ ಶಾಲಾ ಶಿಕ್ಷಣ ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಯಾರಿಗೂ ಪ್ರಥಮ ಪದವಿಗೆ ಪ್ರವೇಶವಿಲ್ಲ. ಪ್ರವೇಶವಿಲ್ಲದವರಿಗೆ ನೋಂದಣಿ ಸಂಖ್ಯೆಯಿಲ್ಲ. ನೋಂದಣಿ ಸಂಖ್ಯೆಯಿಲ್ಲದೆ ಕ್ರೆಡಿಟ್ ಬರೆಯಲು ಖಾತೆಯೇ ಇರುವುದಿಲ್ಲ.

2022ರ ಏಪ್ರಿಲ್‌ನಲ್ಲಿ ಆಯೋಗ ಏಕಕಾಲಕ್ಕೆ ಎರಡು ಪದವಿ ಓದಬಹುದೆಂದಾಗ ಪಿಯು ವಿದ್ಯಾರ್ಥಿಗಳಿಗೂ ಅದು ಅನ್ವಯವಾಗುತ್ತದೆಂದು ತಿಳಿದವರಿದ್ದರು. ಅದು ಹನ್ನೆರಡನೆಯ ತರಗತಿ ದಾಟಿದವರಿಗೆ ಮಾತ್ರ.

ಡಿಪ್ಲೊಮಾ ಎಂಬ ಬಾಗಿಲು

ಡಿಪ್ಲೊಮಾ ಈ ನಿಯಮದ ಗೋಡೆಯನ್ನು ಬಳಸಿಕೊಂಡು ಹೋಗುತ್ತದೆ. ಅದಕ್ಕೆ ಪಿಯುಸಿ ಬೇಡ, ಎಸ್ಸೆಸ್ಸೆಲ್ಸಿ ಸಾಕು. ಸಹಪಾಠಿಗಳು ಪ್ರಥಮ ಪಿಯುಸಿಗೆ ಹೋಗುವ ವರ್ಷವೇ ಪಾಲಿಟೆಕ್ನಿಕ್ ವಿದ್ಯಾರ್ಥಿ ವರ್ಕ್‌ಶಾಪಿನಲ್ಲಿ ಫಿಟ್ಟಿಂಗ್ ಮಾಡುತ್ತಿರುತ್ತಾನೆ, ಇಂಜಿನಿಯರಿಂಗ್ ಡ್ರಾಯಿಂಗ್ ಹಾಳೆ ಹಿಡಿದಿರುತ್ತಾನೆ ಅಥವಾ ಪ್ರೋಗ್ರಾಂ ಬರೆಯುತ್ತಿರುತ್ತಾನೆ. ಇವೆಲ್ಲ ಬಿ.ಇ. ಮೊದಲ ವರ್ಷದಲ್ಲಿ ಬರುವಂಥವೇ. ಹೀಗಾಗಿ ಮೂರು ವರ್ಷ ಮುಗಿಸಿದವನನ್ನು ಮತ್ತೆ ಮೊದಲ ವರ್ಷಕ್ಕೆ ಕೂರಿಸುವುದರಲ್ಲಿ ಅರ್ಥವಿಲ್ಲ ಎಂಬ ತರ್ಕದ ಮೇಲೆ ಲ್ಯಾಟರಲ್ ಎಂಟ್ರಿ ನಿಂತಿದೆ. ಮೊದಲ ಎರಡು ಸೆಮಿಸ್ಟರಿನ ಇಪ್ಪತ್ತಿಪ್ಪತ್ತು, ಒಟ್ಟು 40 ಕ್ರೆಡಿಟ್‌ಗಳಿಂದ ಅವನಿಗೆ ವಿನಾಯಿತಿ. ನೇರವಾಗಿ ಮೂರನೇ ಸೆಮಿಸ್ಟರ್.

ಇದಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಪರೀಕ್ಷೆ ಬರೆಯಬೇಕು. ಡಿಪ್ಲೊಮಾದಲ್ಲಿ ಕನಿಷ್ಠ ಶೇ 45, ಮೀಸಲಾತಿ ವರ್ಗದವರಿಗೆ ಶೇ 40 ಅಂಕ ಇರಬೇಕು. ಸೀಟುಗಳ ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು. ಒಂದು ಬ್ರಾಂಚಿನ ಮಂಜೂರಾದ ಸೀಟುಗಳ ಮೇಲೆ ಶೇ 10ರಷ್ಟು ಹೆಚ್ಚುವರಿ ಸೀಟುಗಳನ್ನು ಲ್ಯಾಟರಲ್ ಎಂಟ್ರಿಗೆ ಕೊಡಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮತಿಯಿದೆ. ಅರವತ್ತು ಸೀಟಿನ ಬ್ರಾಂಚಿಗೆ ಆರು. ಇದರ ಜೊತೆಗೆ ಮೊದಲ ವರ್ಷದಲ್ಲಿ ತುಂಬದೆ ಉಳಿದ ಸೀಟುಗಳೂ ಇವರಿಗೇ. ಆದ್ದರಿಂದ ಬೇಡಿಕೆ ಹೆಚ್ಚಿರುವ ಕಂಪ್ಯೂಟರ್ ಸೈನ್ಸ್‌ನಲ್ಲಿ ಪೈಪೋಟಿ ಬಿಗಿ, ಸೀಟು ಉಳಿಯುವ ಬ್ರಾಂಚುಗಳಲ್ಲಿ ದಾರಿ ಸಲೀಸು.

ಜಿಲ್ಲೆಯೊಳಗೇ ಇದಕ್ಕೆ ಕಾಲೇಜುಗಳಿವೆ. ರಾಣೆಬೆನ್ನೂರಿನಲ್ಲಿ 1980ರಲ್ಲಿ ಆರಂಭವಾದ ಶ್ರೀ ತರಳಬಾಳು ಜಗದ್ಗುರು ತಾಂತ್ರಿಕ ಮಹಾವಿದ್ಯಾಲಯವಿದೆ. ಹಾವೇರಿಯ ಹೊರವಲಯದ ದೇವಗಿರಿಯಲ್ಲಿ 2007ರಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಎರಡೂ ಬೆಳಗಾವಿಯ ವಿಟಿಯುಗೆ ಸೇರಿದವು. ಬ್ಯಾಡಗಿಯಲ್ಲಿ ಇಂಜಿನಿಯರಿಂಗ್ ಕಾಲೇಜಿಲ್ಲ. ಆದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದಲ್ಲೇ ಇವೆ. ಮನೆಯಿಂದಲೇ ಓಡಾಡಿಕೊಂಡು ಓದುವುದು ಸಾಧ್ಯ.

ವರ್ಷಗಳನ್ನು ಕೂಡಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಪಿಯುಸಿ ಎರಡು, ಬಿ.ಇ. ನಾಲ್ಕು, ಒಟ್ಟು ಆರು ವರ್ಷ. ಡಿಪ್ಲೊಮಾ ಮೂರು, ಬಿ.ಇ. ಮೂರು, ಅದೂ ಆರೇ. ಅಂದರೆ ಲ್ಯಾಟರಲ್ ಎಂಟ್ರಿಯಿಂದ ಒಂದು ವರ್ಷ ಉಳಿಯುತ್ತದೆ ಎಂಬ ಮಾತು ಸಡಿಲವಾದದ್ದು. ಇಪ್ಪತ್ತೆರಡನೆಯ ವಯಸ್ಸಿಗೆ ಇಬ್ಬರೂ ಒಟ್ಟಿಗೇ ಇಂಜಿನಿಯರ್ ಆಗುತ್ತಾರೆ. ಉಳಿತಾಯ ಬೇರೆ ಕಡೆ ಇದೆ. ಪಿಯುಸಿ ದಾರಿಯವರಿಗೆ ಮಧ್ಯದಲ್ಲಿ ಕೈಗೆ ಸಿಗುವುದು ಒಂದು ಅಂಕಪಟ್ಟಿ, ಅದರಿಂದ ನೌಕರಿ ಕಷ್ಟ. ಡಿಪ್ಲೊಮಾ ದಾರಿಯವರಿಗೆ ಹತ್ತೊಂಬತ್ತನೆಯ ವಯಸ್ಸಿಗೆ ಜೂನಿಯರ್ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕುವ ಅರ್ಹತೆ ಬಂದಿರುತ್ತದೆ. ಒಂದೊಮ್ಮೆ ಮಳೆ ಕೈಕೊಟ್ಟು, ಮೆಣಸಿನಕಾಯಿಯ ದರ ಕುಸಿದು, ಮನೆಯವರಿಗೆ ಮುಂದೆ ಓದಿಸಲು ಆಗದೆ ಹೋದರೂ ಹುಡುಗನ ಕೈ ಖಾಲಿಯಿರುವುದಿಲ್ಲ. ವಿಜ್ಞಾನ ಪಿಯುಸಿಗೆ ದಾವಣಗೆರೆಯಲ್ಲೋ ಧಾರವಾಡದಲ್ಲೋ ಹಾಸ್ಟೆಲ್ ಹಿಡಿದು, ಸಿಇಟಿ ಕೋಚಿಂಗ್ ಬೇರೆ ಕೊಡಿಸುವ ಖರ್ಚಿನ ಜೊತೆ ಹೋಲಿಸಿದರೆ ಸರಕಾರಿ ಪಾಲಿಟೆಕ್ನಿಕ್ಕಿನ ಶುಲ್ಕ ಬಹಳ ಕಡಿಮೆ.

ತೊಂದರೆಗಳೂ ಇವೆ. ಡಿಪ್ಲೊಮಾದಲ್ಲಿ ಗಣಿತದ ಪಾಲು ಪಿಯುಸಿಗಿಂತ ಕಡಿಮೆ. ಬಿ.ಇ. ಮೂರನೇ ಸೆಮಿಸ್ಟರಿಗೆ ಬಂದಾಗ ಪಿಯುಸಿ ದಾರಿಯವರು ಕಲನಶಾಸ್ತ್ರವನ್ನು ಮೂರು ವರ್ಷ ಓದಿ ಬಂದಿರುತ್ತಾರೆ. ಈ ಅಂತರ ತುಂಬಲೆಂದೇ ವಿಟಿಯು ತನ್ನ ಯೋಜನೆಗಳಲ್ಲಿ ಲ್ಯಾಟರಲ್ ವಿದ್ಯಾರ್ಥಿಗಳಿಗೆ ಹೆಚ್ಚುವರಿ ಗಣಿತದ ವಿಷಯಗಳನ್ನು ಇಟ್ಟಿತು. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಡಿಪ್ ಮ್ಯಾಥ್ಸ್’. ಅದಕ್ಕೆ ಕ್ರೆಡಿಟ್ ಇಲ್ಲ, ಸರಾಸರಿಗೆ ಸೇರುವುದಿಲ್ಲ, ಆದರೆ ಪಾಸಾಗದೆ ಪದವಿ ಸಿಗುವುದಿಲ್ಲ. ಲೆಕ್ಕಕ್ಕಿಲ್ಲದ ವಿಷಯವೆಂದು ಅಸಡ್ಡೆ ಮಾಡಿದವರು ಕೊನೆಯ ವರ್ಷದವರೆಗೂ ಅದನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುವುದುಂಟು. ಎರಡನೆಯ ತೊಡಕು, ಡಿಪ್ಲೊಮಾ ಒಂದೇ ದಿಕ್ಕಿನ ದಾರಿ. ಪಿಯುಸಿಯ ಜೀವಶಾಸ್ತ್ರವಿಲ್ಲದೆ ನೀಟ್ ಬರೆಯಲಾಗದು. ಮುಂದೆ ಡಾಕ್ಟರ್ ಆಗುವ ಯೋಚನೆ ಎಳ್ಳಷ್ಟಿದ್ದರೂ ಹದಿನಾರನೆಯ ವಯಸ್ಸಿಗೆ ಡಿಪ್ಲೊಮಾ ಆರಿಸಿಕೊಳ್ಳುವುದು ತಪ್ಪು ಲೆಕ್ಕ.

ಐಟಿಐ ಓದಿದವರಿಗೂ ಇಂಥದೇ ಒಂದು ಮೆಟ್ಟಿಲಿದೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ ಸೇರಬಹುದು. ಅಲ್ಲಿಂದ ಬಿ.ಇ. ಎರಡನೇ ವರ್ಷಕ್ಕೆ. ಎರಡು, ಎರಡು, ಮೂರು, ಒಟ್ಟು ಏಳು ವರ್ಷ. ಒಂದು ವರ್ಷ ಹೆಚ್ಚಾದರೂ ಎರಡು ಕಡೆ ನಿಂತು ದುಡಿಯಲು ಅವಕಾಶವಿರುವ ದಾರಿ ಇದು. ಗ್ಯಾರೇಜಿನಲ್ಲಿ, ಟ್ರ್ಯಾಕ್ಟರ್ ಷೋರೂಮಿನಲ್ಲಿ ಕೆಲಸ ಮಾಡುತ್ತ ಓದು ಮುಂದುವರಿಸಬೇಕೆನ್ನುವವರಿಗೆ ಇದು ಹೊಂದುತ್ತದೆ. ವಿಜ್ಞಾನ ಪಿಯುಸಿ ಮುಗಿಸಿದವರೂ ಡಿಪ್ಲೊಮಾ ಎರಡನೇ ವರ್ಷಕ್ಕೆ ಬರಬಹುದು. ಅವರಿಗೂ ಏಳೇ ವರ್ಷ. ಸಿಇಟಿ ಕೈಕೊಟ್ಟವರು ಬಿಟ್ಟರೆ ಉಳಿದವರು ಇದನ್ನು ಆರಿಸಿಕೊಳ್ಳಲು ಕಾರಣವಿಲ್ಲ.

ಶಾಲೆಯೊಳಗಿನ ವೃತ್ತಿ ವಿಷಯ ಮತ್ತು ಕ್ರೆಡಿಟ್ ಬ್ಯಾಂಕ್

ಆಯ್ದ ಸರಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ಎನ್‌ಎಸ್‌ಕ್ಯೂಎಫ್ ಎಂಬ ಹೆಸರಿನಲ್ಲಿ ವೃತ್ತಿ ವಿಷಯಗಳನ್ನು ಕಲಿಸಲಾಗುತ್ತದೆ. ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಮೊದಲಾದವು. ಎಸ್ಸೆಸ್ಸೆಲ್ಸಿಯಲ್ಲಿ ವಿದ್ಯಾರ್ಥಿ ತೃತೀಯ ಭಾಷೆಯ ಬದಲಿಗೆ ಇವುಗಳಲ್ಲೊಂದನ್ನು ಬರೆಯಬಹುದು. ಹಿಂದಿಯ ಪರೀಕ್ಷೆಯ ದಿನವೇ ಇವುಗಳ ಪರೀಕ್ಷೆಯೂ ನಡೆಯುತ್ತದೆ. ಪಿಯುಸಿಯಲ್ಲೂ ಇದೇ ವಿಷಯಗಳು ಮುಂದುವರಿಯುತ್ತವೆ. ಪ್ರಾಯೋಗಿಕ ಪರೀಕ್ಷೆಯೂ ಇರುವುದರಿಂದ ಅಂಕ ಗಳಿಸಲು ಇದು ಸುಲಭ ಎಂಬ ಕಾರಣಕ್ಕೇ ಕೆಲವರು ಆರಿಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಈ ಓದನ್ನು ಮುಂದಿನ ಪದವಿಯ ಜೊತೆ ಜೋಡಿಸುವ ಭರವಸೆ ಕೊಟ್ಟದ್ದು ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಬಂದ ಇದರ ಅಂತಿಮ ರೂಪ ಪ್ರಕಟವಾದದ್ದು 2023ರ ಏಪ್ರಿಲ್‌ನಲ್ಲಿ. ವರ್ಷಕ್ಕೆ 1,200 ಗಂಟೆಗಳ ಕಲಿಕೆ, ಮೂವತ್ತು ಗಂಟೆಗೆ ಒಂದು ಕ್ರೆಡಿಟ್, ಹೀಗೆ ವರ್ಷಕ್ಕೆ 40. ಇದು ಶಾಲೆಗೂ ಕಾಲೇಜಿಗೂ ಒಂದೇ ಅಳತೆಗೋಲು. ಹತ್ತನೇ ತರಗತಿ ಮೂರನೇ ಮಟ್ಟ, ಹನ್ನೆರಡನೆಯದು ನಾಲ್ಕನೇ ಮಟ್ಟ, ಪದವಿಯ ಮೊದಲ ವರ್ಷ ನಾಲ್ಕೂವರೆ. ತರಗತಿಯ ಪಾಠವಷ್ಟೇ ಅಲ್ಲ, ವೃತ್ತಿ ತರಬೇತಿ, ಎನ್‌ಸಿಸಿ, ಕ್ರೀಡೆ, ಕೆಲಸದ ಅನುಭವ ಎಲ್ಲಕ್ಕೂ, ಮೌಲ್ಯಮಾಪನಕ್ಕೆ ಒಳಗಾದರೆ, ಕ್ರೆಡಿಟ್ ಸಿಗಬೇಕೆನ್ನುತ್ತದೆ ಚೌಕಟ್ಟು. ಸಿಬಿಎಸ್‌ಇ 2024-25ರಲ್ಲಿ ಆರು, ಒಂಬತ್ತು, ಹನ್ನೊಂದನೇ ತರಗತಿಗಳಲ್ಲಿ ಪ್ರಾಯೋಗಿಕವಾಗಿ ನಡೆಸಲು ತನ್ನ ಶಾಲೆಗಳನ್ನು ಆಹ್ವಾನಿಸಿತು.

ಗಳಿಸಿದ ಕ್ರೆಡಿಟ್ ಇಡಲು ಒಂದು ಖಾತೆ ಬೇಕಲ್ಲ, ಅದು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಅನುದಾನ ಆಯೋಗ ಇದರ ನಿಯಮಗಳನ್ನು 2021ರ ಜುಲೈ 28ರಂದು ಹೊರಡಿಸಿತು. ಡಿಜಿಲಾಕರ್ ಮೂಲಕ ಖಾತೆ ತೆರೆಯಬಹುದು. ಜಮೆಯಾದ ಕ್ರೆಡಿಟ್‌ಗೆ ಗರಿಷ್ಠ ಏಳು ವರ್ಷ ಆಯಸ್ಸು. ಶಾಲಾ ಮಕ್ಕಳಿಗೆ ಪಾಲಕರ ಒಪ್ಪಿಗೆ ಪಡೆದು ಕೊಡುತ್ತಿರುವ ಹನ್ನೆರಡು ಅಂಕಿಗಳ ‘ಅಪಾರ್’ ಗುರುತಿನ ಸಂಖ್ಯೆಯೂ ಇದೇ ವ್ಯವಸ್ಥೆಯ ಭಾಗ. ಖಾತೆ ಇದ್ದ ಮಾತ್ರಕ್ಕೆ ಹಣ ಇರುವುದಿಲ್ಲ ಎಂಬುದು ಬ್ಯಾಂಕಿನಷ್ಟೇ ಇದಕ್ಕೂ ಅನ್ವಯಿಸುತ್ತದೆ. ಹಾವೇರಿಯ ಸರಕಾರಿ ಪ್ರೌಢಶಾಲೆಯಲ್ಲಿ ಆಟೊಮೊಬೈಲ್ ವಿಷಯ ಓದಿದ ಹುಡುಗನ ಅಂಕಪಟ್ಟಿಯಲ್ಲಿ ಬರುವುದು ಅಂಕ. ಮುಂದೆ ಅವನು ಡಿಪ್ಲೊಮಾ ಆಟೊಮೊಬೈಲ್‌ಗೆ ಸೇರಿದರೆ ಆ ಅಂಕದಿಂದ ಒಂದು ವಿಷಯವೂ ಕಡಿಮೆಯಾಗುವುದಿಲ್ಲ. ಚೌಕಟ್ಟು ಹೇಳುವುದಕ್ಕೂ ಕಾಲೇಜಿನ ಕಚೇರಿ ಮಾಡುವುದಕ್ಕೂ ನಡುವೆ ಇರುವ ಈ ದೂರವೇ ಸದ್ಯದ ವಾಸ್ತವ.

ರಾಜ್ಯದ ನೀತಿಯೂ ಈ ನಡುವೆ ಎರಡು ಸಲ ಹೊರಳಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಮಟ್ಟದಲ್ಲಿ ಎಲ್ಲರಿಗಿಂತ ಮೊದಲು, 2021-22ರಲ್ಲೇ, ಜಾರಿಗೆ ತಂದ ರಾಜ್ಯ ಕರ್ನಾಟಕ. ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂಬ ಏರ್ಪಾಡು ಜಿಲ್ಲೆಯ ಕಾಲೇಜುಗಳಿಗೂ ಬಂತು. 2023ರಲ್ಲಿ ಸರಕಾರ ಬದಲಾಗಿ, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಹೊರಟು, ಮೂರು ವರ್ಷದ ಪದವಿ ಮರಳಿತು. ಅದೇ ಅವಧಿಯಲ್ಲಿ, 2023ರಲ್ಲಿ, ಕೆರಿಮತ್ತಿಹಳ್ಳಿಯಲ್ಲಿ ಹಾವೇರಿ ವಿಶ್ವವಿದ್ಯಾಲಯ ಆರಂಭವಾಯಿತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಂದುವರಿಸುವುದು ಬೇಡವೆಂದಿತು. ಇಷ್ಟು ಅಲುಗಾಟದ ನಡುವೆ ಶಾಲೆಯ ಕ್ರೆಡಿಟ್ಟನ್ನು ಪದವಿಗೆ ಜೋಡಿಸುವ ಸೂಕ್ಷ್ಮ ಕೆಲಸಕ್ಕೆ ಯಾರಿಗೂ ಪುರಸೊತ್ತು ಸಿಕ್ಕಿಲ್ಲದಿದ್ದರೆ ಅಚ್ಚರಿಯಿಲ್ಲ.

ಅಂತರ್ಜಾಲದ ಕೋರ್ಸುಗಳು

ಕೇಂದ್ರ ಸರಕಾರದ ‘ಸ್ವಯಂ’ ವೇದಿಕೆ 2017ರ ಜುಲೈಯಲ್ಲಿ ಶುರುವಾಯಿತು. ಅದರಲ್ಲಿ ಯಾರು ಬೇಕಾದರೂ ಉಚಿತವಾಗಿ ಪಾಠ ಕೇಳಬಹುದು. ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಪದವಿ ವಿದ್ಯಾರ್ಥಿ ಒಂದು ಸೆಮಿಸ್ಟರಿನ ಕೋರ್ಸುಗಳ ಪೈಕಿ ಶೇ 40ರಷ್ಟನ್ನು ಇದರಿಂದ ಪಡೆಯಲು ಅನುದಾನ ಆಯೋಗದ 2021ರ ನಿಯಮದಲ್ಲಿ ಅವಕಾಶವಿದೆ. ಪಿಯು ವಿದ್ಯಾರ್ಥಿಯೂ ಐಐಟಿಯ ಪ್ರಾಧ್ಯಾಪಕರ ಪ್ರೋಗ್ರಾಮಿಂಗ್ ಪಾಠ ಕೇಳಿ ಪರೀಕ್ಷೆ ಬರೆಯಬಹುದು. ಆದರೆ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಒಪ್ಪುವುದು ಪ್ರವೇಶ ಪಡೆದ ಮೇಲೆ, ತಮ್ಮ ಅನುಮೋದಿತ ಪಟ್ಟಿಯಿಂದ ಆರಿಸಿಕೊಂಡ ಕೋರ್ಸುಗಳನ್ನು. ಮೊದಲೇ ಬರೆದ ಪರೀಕ್ಷೆಯಿಂದ ತಿಳಿವಳಿಕೆ ಉಳಿಯುತ್ತದೆ, ಕ್ರೆಡಿಟ್ ಉಳಿಯುವ ಖಾತರಿಯಿಲ್ಲ.

ಪಿಯು ಮಕ್ಕಳಿಗೆ ನಿಜವಾಗಿ ಹತ್ತಿರ ಬರುವುದು ಮದ್ರಾಸ್ ಐಐಟಿಯ ಡೇಟಾ ಸೈನ್ಸ್ ಬಿ.ಎಸ್. ಪದವಿ. 2020ರಲ್ಲಿ ಘೋಷಣೆಯಾಗಿ ಮರುವರ್ಷ ತರಗತಿ ಆರಂಭಿಸಿದ ಇದಕ್ಕೆ ಜೆಇಇ ಬೇಕಿಲ್ಲ. ನಾಲ್ಕು ವಾರದ ಪಾಠ ಕೇಳಿ, ವಾರವಾರದ ಅಭ್ಯಾಸ ಸಲ್ಲಿಸಿ, ಕೊನೆಗೆ ಅರ್ಹತಾ ಪರೀಕ್ಷೆ ಬರೆಯಬೇಕು. ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟೇಷನಲ್ ಥಿಂಕಿಂಗ್, ಇಂಗ್ಲಿಷ್ ಇದರ ವಿಷಯಗಳು. ಹನ್ನೊಂದನೇ ತರಗತಿ ಮುಗಿಸಿದವರು ಈ ಹಂತ ದಾಟಿಟ್ಟುಕೊಂಡು, ಹನ್ನೆರಡನೆಯದು ಪಾಸಾದ ಮೇಲೆ ಕೋರ್ಸಿಗೆ ಸೇರಬಹುದು. ಪದವಿಗೆ 142 ಕ್ರೆಡಿಟ್, ಅದರಲ್ಲಿ ಫೌಂಡೇಷನ್ ಹಂತದ್ದು 32. ನಡುವೆ ಎಲ್ಲಿ ನಿಲ್ಲಿಸಿದರೂ ಆ ಹಂತದ ಪ್ರಮಾಣಪತ್ರವಿದೆ. ಕಲಾ ವಿಭಾಗದವರಿಗೂ ಅವಕಾಶವಿದೆ, ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿದ್ದರೆ ಸಾಕು. ಕಡಿಮೆ ವರಮಾನದ ಕುಟುಂಬದವರಿಗೂ ಪರಿಶಿಷ್ಟರಿಗೂ ಶುಲ್ಕದಲ್ಲಿ ಗಣನೀಯ ರಿಯಾಯಿತಿ ಸಿಗುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪಾಠದ ವೇಗವೇ ಇಲ್ಲಿ ದೊಡ್ಡ ಅಡ್ಡಿ. ಆ ಅಡ್ಡಿ ದಾಟಬಲ್ಲವರು ಪಿಯುಸಿಯ ರಜೆಯಲ್ಲಿ ಪ್ರಯತ್ನಿಸಬಹುದಾದ ಅವಕಾಶಗಳಲ್ಲಿ ಇದು ಎಲ್ಲಕ್ಕಿಂತ ಮೇಲು.

ಹೊಲದ ಅನುಭವಕ್ಕೆ ಬೆಲೆ

ಕ್ರೆಡಿಟ್ ಎಂಬ ಹೆಸರಿಲ್ಲದೆ ಶಾಲೆಯ ಹೊರಗಿನ ಕಲಿಕೆಯನ್ನು ಲೆಕ್ಕಕ್ಕೆ ಹಿಡಿಯುವ ಒಂದು ಏರ್ಪಾಡು ಕರ್ನಾಟಕದಲ್ಲಿ ಬಹಳ ಕಾಲದಿಂದ ಇದೆ, ಹಾವೇರಿ ಜಿಲ್ಲೆಗೆ ಅದು ವಿಶೇಷವಾಗಿ ಸಂಬಂಧಿಸಿದ್ದು. ಬಿ.ಎಸ್‌ಸಿ. ಕೃಷಿ ಮತ್ತು ಅದಕ್ಕೆ ಸೇರಿದ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿವೆ. ಹಿಂದೆ ಶೇ 40 ಇದ್ದ ಈ ಪಾಲನ್ನು 2022ರಲ್ಲಿ ಶೇ 50ಕ್ಕೆ ಏರಿಸಲಾಯಿತು. ಆಗ ಕೃಷಿ ಸಚಿವರಾಗಿದ್ದವರು ಇದೇ ಜಿಲ್ಲೆಯ ಹಿರೇಕೆರೂರಿನ ಆಗಿನ ಶಾಸಕ ಬಿ.ಸಿ. ಪಾಟೀಲ. ಈ ಸೀಟಿಗೆ ಸಿಇಟಿಯ ಜೊತೆ ಕೃಷಿ ವಿಶ್ವವಿದ್ಯಾಲಯಗಳು ನಡೆಸುವ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಕಳೆ, ಉಪಕರಣಗಳನ್ನು ಗುರುತಿಸಬೇಕು, ಯಾವ ಕೆಲಸಕ್ಕೆ ಯಾವುದೆಂದು ಹೇಳಬೇಕು.

ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಆ ಮಾರುಕಟ್ಟೆಯ ಸುತ್ತಲ ಊರುಗಳಲ್ಲಿ ಬೆಳೆದ ಮಕ್ಕಳಿಗೆ ಡಬ್ಬಿ ಯಾವುದು, ಕಡ್ಡಿ ಯಾವುದು, ಯಾವ ಕಾಯಿಗೆ ಬಣ್ಣ ಹೆಚ್ಚು ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ರಾಣೆಬೆನ್ನೂರು ಸೀಮೆಯಲ್ಲಿ ಬೀಜೋತ್ಪಾದನೆ ದೊಡ್ಡ ಉದ್ಯಮ. ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡಿಸಿ ಹೈಬ್ರಿಡ್ ಬೀಜ ಬೆಳೆಯುವ ಕೆಲಸವನ್ನು ಕಣ್ಣಾರೆ ನೋಡಿದವನಿಗೆ ಸಸ್ಯತಳಿಶಾಸ್ತ್ರದ ಮೊದಲ ಅಧ್ಯಾಯ ಅರ್ಧ ಮುಗಿದಂತೆ. ಅದೇ ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜಿದೆ. ಈ ತಿಳಿವಳಿಕೆ ಸೀಟು ಕೊಡಿಸುತ್ತದೆಯೇ ಹೊರತು ಪದವಿಯ ಒಂದು ಸೆಮಿಸ್ಟರನ್ನೂ ಕಡಿಮೆ ಮಾಡುವುದಿಲ್ಲ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಅನುಭವಕ್ಕೂ ಕ್ರೆಡಿಟ್ ಎನ್ನುವುದಾದರೆ, ಪರೀಕ್ಷಿಸಿ ಕೊಡುವ ಕೆಲಸವನ್ನು ಇಂಥ ಕಡೆಯಿಂದಲೇ ಶುರು ಮಾಡಬೇಕಿತ್ತು.

ಹತ್ತನೇ ತರಗತಿಯ ಫಲಿತಾಂಶ ಬಂದ ಕೂಡಲೇ ಪಿಯುಸಿ, ಪಾಲಿಟೆಕ್ನಿಕ್, ಐಟಿಐ ಮೂರರ ಅರ್ಜಿಗಳೂ ಬೆನ್ನುಬೆನ್ನಿಗೆ ಶುರುವಾಗುತ್ತವೆ. ಯೋಚಿಸಲು ಸಿಗುವುದು ಕೆಲವೇ ವಾರ. ‘ಈಗಲೇ ಸೇರಿ, ಮುಂದೆ ಪದವಿಯಲ್ಲಿ ಕ್ರೆಡಿಟ್ ಸಿಗುತ್ತದೆ’ ಎಂದು ಹಣ ಕೇಳುವ ಖಾಸಗಿ ಕೋರ್ಸುಗಳ ಬಗ್ಗೆ ಆ ಅವಸರದಲ್ಲಿ ಎಚ್ಚರ ತಪ್ಪಬಾರದು. ಮುಂದೆ ಸೇರಲಿರುವ ಕಾಲೇಜಿನಿಂದ ಅಥವಾ ವಿಶ್ವವಿದ್ಯಾಲಯದಿಂದ ಲಿಖಿತ ಒಪ್ಪಿಗೆ ತೋರಿಸದ ಯಾವ ಕ್ರೆಡಿಟ್ಟಿಗೂ ಹಣ ಕಟ್ಟಬೇಕಿಲ್ಲ.

ದಾಖಲೆಯ ವಿಷಯ ಮಾತ್ರ ಯಾವ ದಾರಿ ಹಿಡಿದವರಿಗೂ ಒಂದೇ. ಅಪಾರ್ ಸಂಖ್ಯೆ, ಡಿಜಿಲಾಕರ್, ಕ್ರೆಡಿಟ್ ಬ್ಯಾಂಕ್ ಇವೆಲ್ಲ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಆಧಾರ್ ಜೊತೆ ತಾಳೆ ನೋಡುತ್ತವೆ. ಶಾಲೆಯ ದಾಖಲೆಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇದ್ದು, ಆಧಾರ್‌ನಲ್ಲಿ ಹೆಸರಷ್ಟೇ ಇರುವುದು ಈ ಭಾಗದಲ್ಲಿ ಸಾಮಾನ್ಯ. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಖಾತೆ ಜೋಡಣೆಯಾಗದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುಪಡಿಗೆ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಅರ್ಜಿ ಹೋಗಿ ಬರಬೇಕು. ಮಕ್ಕಳು ಒಂಬತ್ತನೇ ತರಗತಿಯಲ್ಲಿರುವಾಗಲೇ ಪಾಲಕರು ಎರಡೂ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ವ್ಯತ್ಯಾಸವಿದ್ದರೆ ಆಗಲೇ ಸರಿಪಡಿಸಿಕೊಳ್ಳಬೇಕು.